ವರಯಾಡಿನ ಬೆನ್ನು ಬಿಡಿಸಲು ಹೋದ ವಾರ

ಸೋಮವಾರ

ಬೆಂಗಳೂರಿನಿಂದ ಮುನ್ನಾರ್‌ಗೆ ನೇರ ಬಸ್ಸಿದೆ. ರಾತ್ರಿ ಹತ್ತಿ ಮಲಗಿದರೆ ಎಚ್ಚರವಾಗುವುದು ಚಹಾ ತೋಟದ ನಡುವೆ. ಆದರೂ ನಾವು ಸುತ್ತು ದಾರಿ ಹಿಡಿದೆವು. ಕೊಯಮತ್ತೂರಿನವರೆಗೆ ರೈಲು, ಅಲ್ಲಿಂದ ಪೊಳ್ಳಾಚಿ ಮೇಲೆ ಉಡುಮಲೈಪೇಟೆ, ಆಮೇಲೆ ಚಿನ್ನಾರ್ ಕಾಡಿನ ಮೂಲಕ ಘಟ್ಟ ಹತ್ತುವ ಬಸ್ಸು. ಚಿತ್ರ ಬಿಡಿಸುವವರಿಗೆ ಈ ದಾರಿಯೇ ಸರಿ. ಕೆಳಗಿನಿಂದ ಮೇಲಕ್ಕೆ ಹೋಗುತ್ತಾ ಬೆಟ್ಟದ ಬಣ್ಣ ಹೇಗೆ ಬದಲಾಗುತ್ತದೆ ಅನ್ನೋದನ್ನು ಹಗಲಿನಲ್ಲೇ ನೋಡಿಕೊಂಡು ಹೋಗಬಹುದು.

ಚಿನ್ನಾರ್ ಇರುವುದು ಮಳೆ ನೆರಳಿನಲ್ಲಿ. ಸೆಪ್ಟೆಂಬರ್ ತಿಂಗಳಾದರೂ ಅಲ್ಲಿ ಮುಳ್ಳು ಪೊದೆ, ಬಿರುಕು ಮಣ್ಣು, ಒಣಗಿದ ಹುಲ್ಲು. ಮರಯೂರು ಹತ್ತಿರವಾದಂತೆ ಬೇಲಿಯೊಳಗಿನ ಶ್ರೀಗಂಧದ ಮರಗಳು, ಕಬ್ಬಿನ ಗದ್ದೆಗಳು. ಎಲ್ಲೋ ಬೆಲ್ಲ ಕಾಯಿಸುತ್ತಿದ್ದರು, ವಾಸನೆ ಬಸ್ಸಿನೊಳಗೇ ಬಂತು. ಅಲ್ಲಿಂದ ಮುಂದೆ ತಿರುವು ತಿರುವಿಗೂ ಹಸಿರು ಗಾಢವಾಗುತ್ತಾ ಹೋಯಿತು. ಲಕ್ಕಂ ಜಲಪಾತ ದಾಟುವಷ್ಟರಲ್ಲಿ ಕಿಟಕಿ ಗಾಜಿನ ಮೇಲೆ ಆವಿ ಕಟ್ಟಿತ್ತು.

ಜೊತೆಗೆ ಅಕ್ಕನ ಮಗ ಬಂದಿದ್ದ. ಡಿಗ್ರಿ ಓದುತ್ತಿದ್ದಾನೆ, ಕಾಲೇಜಿಗೆ ರಜೆ. ಕೊಡೆ ಹಿಡಿಯುವುದು, ನೀರು ತುಂಬುವುದು, ಜನ ಬಂದು ತಲೆ ತೂರಿಸಿದರೆ ಮಾತಾಡಿಸಿ ಸಾಗಹಾಕುವುದು ಅವನ ಕೆಲಸ ಅಂತ ಮೊದಲೇ ಹೇಳಿದ್ದೆ.

‘ಚಿಕ್ಕಮ್ಮ, ಒಂದು ಪ್ರಾಣಿ ನೋಡೋಕೆ ಇಡೀ ವಾರ ಬೇಕಾ?’ ಅಂದ ಬಸ್ಸಿನಲ್ಲಿ.

‘ನೋಡೋಕೆ ಐದು ನಿಮಿಷ ಸಾಕು. ಬಿಡಿಸೋಕೆ ವಾರ ಬೇಕು.’

ಆ ಪ್ರಾಣಿ ನೀಲಗಿರಿ ತಾರ್. ಅಲ್ಲಿನ ಜನ ವರಯಾಡು ಅನ್ನುತ್ತಾರೆ. ತಮಿಳುನಾಡಿನ ರಾಜ್ಯ ಪ್ರಾಣಿ. ಕಾಡು ಮೇಕೆ, ಕಾಡು ಕುರಿಗಳ ಬಳಗದಲ್ಲಿ ದಕ್ಷಿಣ ಭಾರತದಲ್ಲಿ ಇರುವುದು ಇದೊಂದೇ. ಅದೂ ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಲ್ಲಿ ಮಾತ್ರ. ನಮ್ಮ ಕರ್ನಾಟಕದ ಬೆಟ್ಟಗಳಲ್ಲಿ ಇಲ್ಲ. ಹಾಗಾಗಿ ಬೇಕು ಅಂದರೆ ಇಷ್ಟು ದೂರ ಬರಲೇಬೇಕು.

ನನಗೆ ಬೇಕಾಗಿದ್ದದ್ದು ಮುಖ್ಯವಾಗಿ ಗಂಡು, ಅದರಲ್ಲೂ ವಯಸ್ಸಾದ ಗಂಡು. ಬಲಿತ ಗಂಡಿನ ಮೈ ಪೂರ್ತಿ ಕಡು ಕಂದು, ಹೆಚ್ಚು ಕಡಿಮೆ ಕಪ್ಪೇ. ಆದರೆ ಬೆನ್ನಿನ ನಡುವೆ, ತಡಿ ಹಾಕುವ ಜಾಗದಲ್ಲಿ, ವಿಭೂತಿ ಬಳಿದ ಹಾಗೆ ಬೆಳ್ಳಗಿನ ಪಟ್ಟೆ. ಇಂಗ್ಲಿಷಿನಲ್ಲಿ ಇಂಥವನ್ನು ಸ್ಯಾಡಲ್‌ಬ್ಯಾಕ್ ಅಂತಲೇ ಕರೆಯುತ್ತಾರೆ. ಜಲವರ್ಣದಲ್ಲಿ ಬಿಳಿ ಬಣ್ಣ ಬಳಿಯುವ ರೂಢಿ ಕಡಿಮೆ. ಬಿಳಿ ಬೇಕಾದ ಕಡೆ ಹಾಳೆಯನ್ನೇ ಖಾಲಿ ಬಿಡಬೇಕು. ಅಂದರೆ ಆ ಬೆನ್ನನ್ನು ಬಿಡಿಸುವುದು ಅಂದರೆ ಅದನ್ನು ಮುಟ್ಟದೆ ಸುತ್ತಲಿನ ಕಪ್ಪನ್ನು ಬಿಡಿಸುವುದು. ಕಪ್ಪು ಒಂದಿಷ್ಟು ಒಳಗೆ ಹರಿಯಿತೋ, ಬೆನ್ನೇ ಹೋಯಿತು.

ಮಳೆಗಾಲ ಮುಗಿಯುವ ಮುಂಚೆ ಹೊರಟಿದ್ದೂ ಅದಕ್ಕೇ. ಜೂನ್‌ನಿಂದ ಆಗಸ್ಟ್‌ವರೆಗೆ ಇವುಗಳ ಬೆದೆಗಾಲ. ಆಗ ಗಂಡುಗಳು ಹೆಣ್ಣು ಮತ್ತು ಮರಿಗಳಿರುವ ಹಿಂಡಿಗೆ ಸೇರಿಕೊಳ್ಳುತ್ತವೆ, ಮೈ ಬಣ್ಣವೂ ಕಡುವಾಗಿರುತ್ತದೆ. ಮಳೆ ಪೂರ್ತಿ ನಿಂತ ಮೇಲೆ ಬಂದರೆ ರಸ್ತೆ ಪಕ್ಕದಲ್ಲಿ ಹೆಣ್ಣು ಮತ್ತು ಮರಿಗಳೇ ಜಾಸ್ತಿ. ಸೆಪ್ಟೆಂಬರ್ ಅಂದರೆ ಮಳೆಯ ಕೊನೆ, ಬೆದೆಯ ಬಾಲ. ಅದೃಷ್ಟ ಇದ್ದರೆ ಎರಡೂ ಸಿಗುತ್ತವೆ.

ಮಂಗಳವಾರ

ಮುನ್ನಾರ್ ಹತ್ತಿರದ ಇರವಿಕುಲಂ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಟಿಕೆಟ್ ತೋರಿಸಿದ ಮೇಲೆ ನಮ್ಮ ವಾಹನ ಒಳಗೆ ಬಿಡುವುದಿಲ್ಲ. ಅರಣ್ಯ ಇಲಾಖೆಯ ಬಸ್ಸಿನಲ್ಲೇ ಉದ್ಯಾನದೊಳಗಿನ ರಾಜಮಲೆಗೆ ಹತ್ತಬೇಕು. ದಾರಿಯುದ್ದಕ್ಕೂ ಚಹಾ ತೋಟ. ಒಂದು ತಿರುವಿನಲ್ಲಿ ಚಹಾ ಗಿಡ ಸಟ್ಟನೆ ನಿಂತು ಹುಲ್ಲು ಶುರುವಾಗುತ್ತದೆ. ಗೆರೆ ಎಳೆದು ಬೇರೆ ಮಾಡಿದಷ್ಟು ಸ್ಪಷ್ಟ.

ಬಸ್ಸು ಇಳಿದ ಮೇಲೆ ಟಾರು ರಸ್ತೆಯಲ್ಲಿ ಒಂದಷ್ಟು ದೂರ ನಡೆಯಲು ಬಿಡುತ್ತಾರೆ. ರಸ್ತೆ ಬಿಟ್ಟು ಹುಲ್ಲಿಗೆ ಕಾಲಿಡುವಂತಿಲ್ಲ. ಒಂದು ಕಡೆ ಕಪ್ಪು ಬಂಡೆಯ ಗೋಡೆ, ಅದರ ಮೇಲಿಂದ ಇಳಿಯುವ ಸಣ್ಣ ನೀರಿನ ಗೆರೆಗಳು. ಇನ್ನೊಂದು ಕಡೆ ಕಣಿವೆ. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಶೋಲಾ ಅನ್ನುವ ಕುಳ್ಳ ಮರಗಳ ದಟ್ಟ ಕಾಡು, ಉಳಿದ ಇಳಿಜಾರೆಲ್ಲ ಬರೀ ಹುಲ್ಲು. ಉದ್ಯಾನದ ವಿಸ್ತೀರ್ಣ 97 ಚದರ ಕಿಲೋಮೀಟರ್. ನಮಗೆ ಸಿಗುವುದು ಅದರ ಅಂಚು ಅಷ್ಟೇ. 2,695 ಮೀಟರ್ ಎತ್ತರದ ಆನಮುಡಿ ಶಿಖರ ಅಲ್ಲೇ ಇದೆ ಅಂತ ಫಲಕ ಹೇಳುತ್ತಿತ್ತು. ಆ ದಿಕ್ಕಿನಲ್ಲಿ ಇದ್ದದ್ದು ಬರೀ ಮಂಜು.

ತಾರ್‌ಗಳನ್ನು ಹುಡುಕುವ ಕಷ್ಟ ಆಗಲಿಲ್ಲ. ರಾಜಮಲೆಯ ತಾರ್‌ಗಳಿಗೆ ಮನುಷ್ಯರು ಹೊಸಬರಲ್ಲ. ಒಂದು ಹೆಣ್ಣು ಎರಡು ಮರಿಗಳ ಹಿಂದೆ ರಸ್ತೆ ದಾಟಿತು. ಮರಿಗಳು ಅದರ ಸ್ವಂತದ್ದೋ ಅಲ್ಲವೋ ಗೊತ್ತಿಲ್ಲ, ಜನವರಿ–ಫೆಬ್ರವರಿಯಲ್ಲಿ ಹುಟ್ಟಿದವು ಇರಬೇಕು, ಕೊಂಬು ಬೆರಳುದ್ದ ಬಂದಿತ್ತು. ಅವು ಹುಟ್ಟುವ ಆ ಹೊತ್ತಿನಲ್ಲಿ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ.

ಮೊದಲ ದಿನ ಬಣ್ಣದ ಪೆಟ್ಟಿಗೆ ತೆಗೆಯಲೇ ಇಲ್ಲ. ಬಾಲ್‌ಪೆನ್, ಅಗ್ಗದ ನೋಟ್‌ಬುಕ್ಕು, ಅಷ್ಟೇ. ಪೆನ್ಸಿಲ್ ಇದ್ದರೆ ಅಳಿಸುವ ಆಸೆ ಬರುತ್ತದೆ. ಪೆನ್ನಿಗೆ ಆ ಕಾಟ ಇಲ್ಲ. ಮೇಯುವ ಪ್ರಾಣಿಯನ್ನು ಬಿಡಿಸಲು ಒಂದು ಉಪಾಯ ಇದೆ. ಒಂದೇ ಪುಟದಲ್ಲಿ ನಾಲ್ಕೈದು ಭಂಗಿ ಒಟ್ಟಿಗೆ ಶುರು ಮಾಡುವುದು. ಪ್ರಾಣಿ ತಲೆ ಎತ್ತಿದರೆ ಒಂದು, ತಗ್ಗಿಸಿದರೆ ಇನ್ನೊಂದು, ತಿರುಗಿ ಬೆನ್ನು ಕೆರೆದುಕೊಂಡರೆ ಮತ್ತೊಂದು. ಅದು ಅಲುಗಿದ ಕೂಡಲೇ ಅರ್ಧ ಬಿಟ್ಟ ಚಿತ್ರಕ್ಕೆ ಅಳಬೇಕಾಗಿಲ್ಲ. ಮೇಯುವವು ಅದೇ ಭಂಗಿಗೆ ಮತ್ತೆ ಮತ್ತೆ ಬರುತ್ತವೆ. ಬಂದಾಗ ಅಲ್ಲಿಂದಲೇ ಮುಂದುವರಿಸಿದರಾಯಿತು.

ಅಕ್ಕನ ಮಗ ಫೋನಿನಲ್ಲಿ ನೂರಾರು ಫೋಟೋ ಹೊಡೆದುಕೊಂಡ. ‘ಇದನ್ನೇ ನೋಡಿ ರೂಮಲ್ಲಿ ಬಿಡಿಸಬಹುದಲ್ವಾ?’ ಅಂದ.

ಬಿಡಿಸಬಹುದು. ಬಹಳ ಜನ ಬಿಡಿಸುತ್ತಾರೆ, ತಪ್ಪೇನಿಲ್ಲ. ಆದರೆ ಅವನ ಫೋಟೋ ತೆಗೆದು ಅಲ್ಲೇ ಎದುರಿನ ಪ್ರಾಣಿಯ ಪಕ್ಕ ಹಿಡಿಸಿ ತೋರಿಸಿದೆ. ಫೋಟೋದಲ್ಲಿ ಕಡು ಬಣ್ಣದ ಗಂಡು ಒಂದು ಕಪ್ಪು ತುಂಡು. ಕಣ್ಣಿಗೆ ಮಾತ್ರ ಅದೇ ಕಪ್ಪಿನಲ್ಲಿ ಭುಜದ ಹತ್ತಿರ ಕೆಂಗಂದು, ಪಕ್ಕೆಯಲ್ಲಿ ನೀಲಿ ಬೆರೆತ ಕಂದು, ಹೊಟ್ಟೆ ಕೆಳಗೆ ಹುಲ್ಲಿನಿಂದ ಪುಟಿದ ಹಸಿರು ಬೆಳಕು, ಎಲ್ಲವೂ ಬೇರೆ ಬೇರೆ ಕಾಣುತ್ತಿತ್ತು. ಕ್ಯಾಮೆರಾ ಬಿಳಿ ಮಂಜಿಗೆ ಬೆಳಕು ಹೊಂದಿಸಿಕೊಳ್ಳುತ್ತದೆ. ಮಂಜಿನ ಮುಂದೆ ನಿಂತ ಕಪ್ಪು ಪ್ರಾಣಿಗೆ ಏನೂ ಉಳಿಯುವುದಿಲ್ಲ.

ಆ ಕಡು ಬಣ್ಣದ ಒಂದನ್ನು ಬಿಟ್ಟರೆ ಆ ದಿನ ಗಂಡು ಅಂತ ಕಂಡವೆಲ್ಲ ತಿಳಿ ಕಂದಿನ ಎಳೆ ಪ್ರಾಯದವು. ಬಿಳಿ ಬೆನ್ನಿನದು ಬರಲಿಲ್ಲ.

ಬುಧವಾರ

ಮಳೆ. ಬೆಳಗಿನಿಂದ ಸಂಜೆವರೆಗೆ ಒಂದೇ ಸಮ. ಹೋಟೆಲ್ ವರಾಂಡದಲ್ಲಿ ಕೂತು ಬಣ್ಣ ಕಲಸಿದೆ.

ಕಪ್ಪು ಟ್ಯೂಬ್ ನಾನು ಇಟ್ಟುಕೊಳ್ಳುವುದಿಲ್ಲ. ಬರ್ನ್ಟ್ ಅಂಬರ್ ಅನ್ನುವ ಕಡು ಕಂದು, ಅಲ್ಟ್ರಾಮರೀನ್ ಅನ್ನುವ ನೀಲಿ ಸೇರಿಸಿದರೆ ಬರುವ ಕಪ್ಪಿಗೆ ಜೀವ ಇರುತ್ತದೆ. ಅಂಬರ್ ಹೆಚ್ಚಾದರೆ ಬಿಸಿಲು ಬಿದ್ದ ಕೂದಲು, ನೀಲಿ ಹೆಚ್ಚಾದರೆ ನೆರಳು. ಅಲ್ಟ್ರಾಮರೀನ್‌ನ ಇನ್ನೊಂದು ಗುಣ ಅಂದರೆ ಅದರ ಕಣ ದಪ್ಪ, ಒಣಗುವಾಗ ಹಾಳೆಯ ಕುಳಿಗಳಲ್ಲಿ ಹೋಗಿ ಕೂರುತ್ತದೆ. ಒರಟು ಕೂದಲಿನ ಪ್ರಾಣಿಗೆ ಇದಕ್ಕಿಂತ ಒಳ್ಳೆಯದು ಬೇಡ. ಹೆಣ್ಣಿನ ಬಣ್ಣ ಬೇರೆಯೇ: ಮಣ್ಣಿನ ಹಳದಿಯ ಯೆಲ್ಲೋ ಓಕರ್, ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಅದನ್ನು ಮಂಕಾಗಿಸಲು ಸ್ವಲ್ಪವೇ ನೀಲಿ. ಸಣ್ಣ ತುಂಡು ಹಾಳೆಗಳ ಮೇಲೆ ಈ ಮಿಶ್ರಣಗಳನ್ನೆಲ್ಲ ಹಚ್ಚಿ, ಪಕ್ಕದಲ್ಲಿ ಏನೇನು ಸೇರಿದೆ ಬರೆದಿಟ್ಟೆ.

ಅಲ್ಲಿಯ ತೊಂದರೆ ಬಣ್ಣ ಅಲ್ಲ, ಗಾಳಿ. ಬೆಂಗಳೂರಿನಲ್ಲಿ ಎರಡು ಮೂರು ನಿಮಿಷಕ್ಕೆ ಒಣಗುವ ವಾಷ್, ಅಂದರೆ ನೀರು ಬೆರೆಸಿ ತೆಳುವಾಗಿ ಬಳಿದ ಬಣ್ಣ, ಇಲ್ಲಿ ಕಾಲು ಗಂಟೆಯಾದರೂ ಒಣಗಲಿಲ್ಲ. ಹಾಳೆ ಒದ್ದೆ ಇದ್ದರೆ ಅಂಚು ನಿಲ್ಲುವುದಿಲ್ಲ. ಅಂಚು ನಿಲ್ಲದಿದ್ದರೆ ಬೆನ್ನಿನ ಬಿಳಿ ನಿಲ್ಲುವುದಿಲ್ಲ. ಬೆನ್ನು ನೋವಿಗೆ ಅಂತ ತಂದಿದ್ದ ಬಿಸಿನೀರಿನ ರಬ್ಬರ್ ಚೀಲವನ್ನು ಬೋರ್ಡಿನ ಬದಲು ಹಾಳೆಯ ಕೆಳಗೆ ಇಟ್ಟು ನೋಡಿದೆ. ಕೆಳಗಿನ ಶಾಖಕ್ಕೆ ಹಾಳೆ ಬೇಗ ಆರಿತು, ಬಣ್ಣವೂ ಕೆಡಲಿಲ್ಲ. 300 ಜಿಎಸ್‌ಎಂನ ದಪ್ಪ ಕಾಟನ್ ಹಾಳೆ ಆದ್ದರಿಂದ ಸುಕ್ಕೂ ಬರಲಿಲ್ಲ. ಚೀಲ ಹೊರುವ ಕೆಲಸವೂ ಅಕ್ಕನ ಮಗನ ಪಾಲಿಗೆ ಬಂತು.

ಗುರುವಾರ

ಮೊದಲ ಬಸ್ಸು ಹಿಡಿದೆವು. ರಾತ್ರಿಯೇ ಮಳೆ ನಿಂತಿತ್ತು. ರಾಜಮಲೆಯ ಬಂಡೆ ಮೇಲೆ ನೀರು ಇನ್ನೂ ಹರಿಯುತ್ತಿತ್ತು, ಬಿಸಿಲು ಬಿದ್ದ ಕಡೆಯೆಲ್ಲ ಹೊಳಪು. ಕೆಳಗಿನ ಕಲ್ಲೊಂದರ ಮೇಲೆ ನೀಲಗಿರಿ ಪಿಪಿಟ್ ಹಕ್ಕಿ ಬಾಲ ಅಲ್ಲಾಡಿಸುತ್ತಾ ಕೂತಿತ್ತು. ಇದೂ ಈ ಎತ್ತರದ ಹುಲ್ಲುಗಾವಲು ಬಿಟ್ಟು ಬೇರೆಡೆ ಕಾಣಸಿಗದು. ಅದನ್ನೂ ಮೂಲೆಯಲ್ಲಿ ಒಂದು ಗೀಚಿಕೊಂಡೆ.

ರಸ್ತೆ ಪಕ್ಕದ ಮೋಟು ಗೋಡೆ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದೆ. ಮೇಲಿನ ಹುಲ್ಲಿನಲ್ಲಿ ಹನ್ನೆರಡು ಹದಿಮೂರು ತಾರ್‌ಗಳ ಹಿಂಡು ಮೇಯುತ್ತಿತ್ತು. ಒಂದು ಹೆಣ್ಣು ಮಾತ್ರ ಮೇಯದೆ ಎತ್ತರದ ಕಲ್ಲಿನ ತುದಿಯಲ್ಲಿ ನಿಂತಿತ್ತು. ಹಿಂಡಿಗೆ ಕಾವಲು. ಚಿರತೆ, ಹುಲಿ, ಕಾಡುನಾಯಿ, ಮೂರೂ ಈ ಬೆಟ್ಟಗಳಲ್ಲಿವೆ. ಅಪಾಯ ಕಂಡರೆ ಕಾವಲಿನದು ಸಿಳ್ಳೆ ಹೊಡೆಯುತ್ತದೆ, ಹಿಂಡು ಬಂಡೆಯ ಕಡೆ ನುಗ್ಗುತ್ತದೆ. ಆ ಕಡಿದಾದ ಬಂಡೆಯ ಮೇಲೆ ಹಿಂದೆ ಹೋಗುವ ಧೈರ್ಯ ಯಾವುದಕ್ಕೂ ಇಲ್ಲ.

ಸುಮಾರು ಒಂಬತ್ತಕ್ಕೆ ಬಂತು. ಬಂಡೆಯ ಹಿಂದಿನಿಂದ ಮೊದಲು ಕೊಂಬು, ಆಮೇಲೆ ದಪ್ಪ ಕುತ್ತಿಗೆ, ಆಮೇಲೆ ಬೆನ್ನು. ಬಿಳಿ ಪಟ್ಟೆ ಮೈ ನಡುವೆ ಎಷ್ಟು ಎದ್ದು ಕಾಣುತ್ತಿತ್ತು ಅಂದರೆ ದೂರದಿಂದ ನೋಡಿದವರಿಗೆ ಪ್ರಾಣಿ ಎರಡು ತುಂಡಾಗಿ ಕಂಡರೂ ಆಶ್ಚರ್ಯ ಇಲ್ಲ. ಕೊಂಬಿನ ಒಂದು ತುದಿಗೆ ಹಸಿ ಹುಲ್ಲಿನ ಸಿಂಬೆ ಸಿಕ್ಕಿಕೊಂಡಿತ್ತು, ಬೇರಿನ ಮಣ್ಣಿನ ಸಮೇತ. ಬೆದೆಯ ಗಂಡು ಕೊಂಬಿನಿಂದ ಹುಲ್ಲು ತಿವಿದು ಕಿತ್ತಿದ್ದರ ಗುರುತು. ಅದು ಹೆಜ್ಜೆ ಹಾಕಿದಾಗೆಲ್ಲ ಆ ಮಣ್ಣಿನ ಉಂಡೆ ಕಿವಿಗೆ ತಾಗುತ್ತಿತ್ತು, ಕಿವಿ ಸಿಡುಕುತ್ತಿತ್ತು. ಗಾಂಭೀರ್ಯಕ್ಕೇನೂ ಕುಂದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಪೋಸ್ಟರ್, ಪಠ್ಯಪುಸ್ತಕ, ಕೀಚೈನ್, ಎಲ್ಲಿ ನೋಡಿದರೂ ತಾರ್ ಅಂದರೆ ಕೊಂಬು ದೊಡ್ಡದು ಮಾಡಿದ ಮೇಕೆ. ಕೈಗೆ ಮೇಕೆ ರೂಢಿ ಇದೆ, ನೋಡದೆಯೂ ಬರುತ್ತದೆ. ತಾರ್ ಹಾಗಿಲ್ಲ. ಕಾಲು ಗಿಡ್ಡ, ಎದೆ ಆಳ, ತೂಕವೆಲ್ಲ ಮುಂದಕ್ಕೆ. ಬಲಿತ ಗಂಡು 80ರಿಂದ 100 ಕಿಲೋ ತೂಗುತ್ತದೆ, ಆ ಭಾರದ ಬಹುಪಾಲು ಮುಂಗಾಲಿನ ಮೇಲೇ ಇದೆಯೇನೋ ಅನ್ನಿಸುತ್ತದೆ. ಗಡ್ಡವೂ ಇಲ್ಲ. ಕೊಂಬು ಹಣೆಯಿಂದ ಹೆಚ್ಚು ಕಡಿಮೆ ಜೋಡಿಯಾಗಿಯೇ ಎದ್ದು, ಹಿಂದಕ್ಕೆ ಬಾಗಿ, ಆಮೇಲೆ ಅಗಲವಾಗುತ್ತದೆ. ತಿರುಚು ಇಲ್ಲ, ಒಳಮೈ ಚಪ್ಪಟೆ. ಇದನ್ನು ಬಹಳ ಕಾಲ ಹಿಮಾಲಯದ ತಾರ್‌ನ ಗುಂಪಿಗೇ ಸೇರಿಸಿದ್ದರು. 2005ರಲ್ಲಿ ವಂಶವಾಹಿ ಪರೀಕ್ಷೆ ಮಾಡಿ ನೋಡಿದಾಗ ಇದು ಕುರಿಗಳಿಗೆ ಹೆಚ್ಚು ಹತ್ತಿರ ಅಂತ ಗೊತ್ತಾಗಿ, ಹೊಸ ಕುಲದ ಹೆಸರೇ ಕೊಟ್ಟರು: ನೀಲಗಿರಿಟ್ರಾಗಸ್. ಆ ಕುಲದಲ್ಲಿ ಇದೊಂದೇ ಪ್ರಾಣಿ. ಎದುರಿಗೆ ಕೂತು ಬೆನ್ನಿನ ಗೆರೆ ಎಳೆದರೆ ಆ ಮಾತು ಒಪ್ಪಿಗೆಯಾಗುತ್ತದೆ. ಮೇಕೆಯ ಬೆನ್ನು ಚೂಪು, ಇದರ ಬೆನ್ನು ಗುಂಡಗೆ.

ಅದಕ್ಕೇ ನಾನು ಕಣ್ಣಿನಿಂದ ಶುರು ಮಾಡಲಿಲ್ಲ, ಕೊಂಬಿನಿಂದಲೂ ಇಲ್ಲ. ಕುತ್ತಿಗೆಯ ಬುಡದಿಂದ ಬಾಲದವರೆಗೆ ಒಂದು ಗೆರೆ. ಅದರ ಕೆಳಗೆ ಭುಜದ ಮೂಳೆಯ ಓರೆ. ಅಲ್ಲಿಂದ ಮುಂಗಾಲು ನೇರ ಕೆಳಕ್ಕೆ. ಹಿಂಗಾಲು ಇಳಿಜಾರಿಗೆ ತಕ್ಕಂತೆ ಮಡಿಸಿರುತ್ತದೆ, ಅಲ್ಲಿ ಪಾದ ಎಲ್ಲಿ ಊರಿದೆ ಅಂತ ಸರಿಯಾಗಿ ನೋಡಿಕೊಳ್ಳಬೇಕು. ಗೊರಸಿನ ಅಂಚು ಗಟ್ಟಿ, ನಡುವೆ ಮೆತ್ತಗೆ, ಬಂಡೆಯನ್ನು ಕಚ್ಚಿ ಹಿಡಿಯಲು. ಹಾಳೆಯ ಮೇಲೆ ಪ್ರಾಣಿ ಬಂಡೆಗೆ ಅಂಟಿ ನಿಂತಂತೆ ಕಾಣದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಗೆರೆ ಮುಗಿದ ಮೇಲೆ ಬಣ್ಣ. ಮೊದಲು ಮಂಜಿಗೆ ತೆಳು ಬೂದು ಬಣ್ಣ, ಬೆನ್ನಿನ ಜಾಗ ಬಿಟ್ಟು. ಕೆಳಗೆ ರಬ್ಬರ್ ಚೀಲ. ಆರಿದ ಮೇಲೆ ಕುತ್ತಿಗೆಯಿಂದ ಶುರು ಮಾಡಿ ಗಾಢ ಕಂದನ್ನು ಕೆಳಕ್ಕೆ ಎಳೆದುಕೊಂಡು ಬಂದೆ. ಬೆನ್ನಿನ ಅಂಚು ಬಂದಾಗ ಕುಂಚವನ್ನು ಟಿಶ್ಯೂಗೆ ಒತ್ತಿ, ಹೆಚ್ಚುಕಮ್ಮಿ ಒಣ ಕುಂಚದಲ್ಲೇ ಸಣ್ಣ ಸಣ್ಣ ಎಳೆ. ಬಿಳಿ ಪಟ್ಟೆಗೂ ಕಪ್ಪಿಗೂ ನಡುವೆ ಗೆರೆ ಇಲ್ಲ, ಕೂದಲಿನ ತುದಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹತ್ತಿರದಿಂದ ನೋಡಿದರೆ ಪಟ್ಟೆ ಪೂರ್ತಿ ಬಿಳಿಯೂ ಅಲ್ಲ. ಬೆನ್ನೆಲುಬಿನ ಮೇಲೆ ತೆಳ್ಳಗೆ ಕಂದು ಇಣುಕುತ್ತದೆ, ಪಕ್ಕೆಗೆ ಬಂದಂತೆ ಬೆಳ್ಳಿ ಬೂದು. ಅಲ್ಟ್ರಾಮರೀನ್, ಸಿಯೆನ್ನಾ ಸೇರಿಸಿ ಮಾಡಿದ ನೀರು ನೀರಾದ ಬೂದು ಒಂದೇ ಸಲ ಸವರಿ ಬಿಟ್ಟೆ. ಎರಡನೇ ಸಲ ಮುಟ್ಟಬಾರದು.

ಮುಖ ಕೊನೆಗೆ. ಹಣೆಯಿಂದ ಬಾಯಿಯ ಮೂಲೆಯ ಕಡೆ ಇಳಿಯುವ ಬಿಳಿ ಪಟ್ಟೆ ಗಂಡಿನಲ್ಲಿ ಬಹಳ ಸ್ಪಷ್ಟ. ಕಣ್ಣಿನ ಪಾಪೆ ಅಡ್ಡ ಸೀಳು. ಮನುಷ್ಯರ ಕಣ್ಣಿನ ಹಾಗೆ ಗುಂಡಗೆ ಒಂದು ಚುಕ್ಕೆ ಇಟ್ಟರೆ ಪ್ರಾಣಿ ಕಾರ್ಟೂನ್ ಆಗುತ್ತದೆ. ಅಡ್ಡ ಗೆರೆ ಇಟ್ಟ ಕೂಡಲೇ ಅದು ನಮ್ಮನ್ನು ಗಣನೆಗೇ ತೆಗೆದುಕೊಳ್ಳದ ಪ್ರಾಣಿ ಆಗುತ್ತದೆ. ನಿಜವೂ ಅದೇ ಅಲ್ವಾ.

ಹನ್ನೊಂದರ ಹೊತ್ತಿಗೆ ಕಣಿವೆಯಿಂದ ಮಂಜು ಎದ್ದು ಬಂತು. ಹತ್ತು ಮಾರು ದೂರದ್ದೂ ಕಾಣಲಿಲ್ಲ. ಆಗ ಬಿಡಿಸುತ್ತಿದ್ದ ಇನ್ನೊಂದು ಹಾಳೆಯ ಮೇಲೆ ಹನಿ ಕೂತು, ಒದ್ದೆ ಬಣ್ಣದೊಳಗೆ ಹೂಕೋಸಿನ ಅಂಚಿನ ಗುರುತುಗಳು ಅರಳಿದವು. ಮಂಜೇ ಬಂದು ಚಿತ್ರ ಬರೆಯಿತು ಅಂತ ಬಣ್ಣಿಸಬಹುದು. ಹಾಗೇನೂ ಆಗಲಿಲ್ಲ, ಹಾಳೆ ಹಾಳಾಯಿತು.

ಮಂಜಿನಲ್ಲೇ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬಂದು ಪಕ್ಕದಲ್ಲಿ ನಿಂತರು. ಐವತ್ತು ದಾಟಿದ ವಯಸ್ಸು, ಪ್ಲಾಸ್ಟಿಕ್ ಕೋಟು, ಕೈಯಲ್ಲಿ ಕೋಲು. ನನ್ನ ತಮಿಳು ಅಷ್ಟಕ್ಕಷ್ಟೇ, ಅವರು ನಿಧಾನವಾಗಿ ಮಾತಾಡಿದರು.

ಚಿತ್ರ ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದರು. ‘ಬೆನ್ನು ಸರಿ ಬಂದಿದೆ ಅಮ್ಮ. ಹೊಟ್ಟೆ ಮಾತ್ರ ದೊಡ್ಡದಾಯಿತು.’

‘ಹುಲ್ಲು ಮೇಯ್ದು ತುಂಬಿಕೊಂಡಿತ್ತಲ್ಲ ಅಣ್ಣ?’

‘ಹೆಣ್ಣಿಗಾದರೆ ಸರಿ. ಗಂಡು ಈ ಕಾಲದಲ್ಲಿ ಎಲ್ಲಿ ಮೇಯುತ್ತದೆ? ಓಡಾಟವೇ ಜಾಸ್ತಿ. ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕೆ ಒಳಗೆ ಹೋಗಿರುತ್ತದೆ.’

ಮಂಜು ಸರಿದಾಗ ಮತ್ತೆ ನೋಡಿದೆ. ಹಿಂಗಾಲಿನ ಮುಂದೆ, ಪಕ್ಕೆ ಮುಗಿಯುವ ಕಡೆ, ಒಂದು ಗುಳಿ. ನೆರಳು ಅಂದುಕೊಂಡು ಬಿಡಬಹುದಾದಷ್ಟು ತೆಳು. ಅಲ್ಲಿ ನೀಲಿ ಬೆರೆಸಿದ ಗಾಢ ಕಂದಿನ ಇನ್ನೊಂದು ಪದರ ಹಾಕಿದೆ, ಹೊಟ್ಟೆ ಒಳಗೆ ಹೋಯಿತು. ಪ್ರಾಣಿಗೆ ಋತು ಬಂತು. ಇಂಥ ಮಾತು ಯಾವ ಫೋಟೋವೂ ಹೇಳುತ್ತಿರಲಿಲ್ಲ, ಚಿತ್ರಕಲಾ ತರಗತಿಯೂ ಹೇಳುತ್ತಿರಲಿಲ್ಲ.

ಅವರಿಂದಲೇ ಇನ್ನಷ್ಟು ಕೇಳಿಕೊಂಡೆ. ಇದು ಒಂದು ಕಾಲದಲ್ಲಿ ಚಹಾ ತೋಟದ ದೊರೆಗಳ ಬೇಟೆ ಮೈದಾನ. ಆಮೇಲೆ ಬೇಟೆಯಾಡುತ್ತಿದ್ದವರ ಸಂಘವೇ ಕಾವಲಿಗೂ ನಿಂತಿತು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ. ನೀಲಕುರಿಂಜಿ ಹೂವಿನ ಬಗ್ಗೆಯೂ ಮಾತು ಬಂತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಆ ಹೂವು ಇಲ್ಲಿ 2018ರಲ್ಲಿ ಬಂದಿತ್ತು, ಮುಂದಿನದು 2030ಕ್ಕೆ. ‘ಆಗ ಬರಬೇಡಿ’ ಅಂದರು ನಗುತ್ತಾ. ‘ಆಡಿಗಿಂತ ಜನರೇ ಜಾಸ್ತಿ ಇರುತ್ತಾರೆ.’

ಊಟದ ನಂತರ ತಾರ್‌ಗಳು ಬಂಡೆ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದವು. ಮಲಗಿದ ಪ್ರಾಣಿ ಚಿತ್ರಗಾರರಿಗೆ ಸಿಗುವ ದಾನ. ಒಂದು ಹೆಣ್ಣನ್ನು ನಿಧಾನವಾಗಿ ಬಿಡಿಸಿದೆ. ಮುಂಗಾಲಿನ ಮಂಡಿಯ ಮೇಲಿನ ಕಪ್ಪು ಮಚ್ಚೆ, ಕಣ್ಣ ಸುತ್ತಲಿನ ತಿಳಿ ಬಣ್ಣ, ಹೊಟ್ಟೆಯ ಕೆನೆ. ಅದರ ಕಂದು ಬಂಡೆಯ ಪಾಚಿಯ ಕಂದಿಗೆ ಎಷ್ಟು ಹತ್ತಿರ ಇತ್ತು ಅಂದರೆ ಒಂದೇ ಮಿಶ್ರಣದಲ್ಲಿ ಎರಡನ್ನೂ ಮುಗಿಸಿದೆ.

ಮೊಘಲ್ ಬಾದಶಹ ಜಹಾಂಗೀರನ ಆಸ್ಥಾನದ ಚಿತ್ರಕಾರ ಮನ್ಸೂರ್ ಆಗಾಗ ನೆನಪಾಗುತ್ತಿದ್ದ. ಬಾದಶಹನ ಜೊತೆ ಕಾಶ್ಮೀರಕ್ಕೆ ಹೋಗಿ ಅಲ್ಲಿನ ಹೂಗಳನ್ನು ಬಿಡಿಸಿದವನು. 1621ರಲ್ಲಿ ಆಸ್ಥಾನಕ್ಕೆ ಬಂದ ಜೀಬ್ರಾವನ್ನು ಪಟ್ಟೆ ಪಟ್ಟೆಯಾಗಿ ಬಿಡಿಸಿಟ್ಟವನೂ ಅವನೇ. ಆ ಜೀಬ್ರಾದ ಕತ್ತಿನಲ್ಲಿ ಹಗ್ಗ ಇದೆ. ಕಟ್ಟಿದ ಪ್ರಾಣಿ ನಿಂತಲ್ಲೇ ನಿಂತಿರುತ್ತದೆ, ಒಂದೊಂದು ಕೂದಲೂ ಎಣಿಸಬಹುದು. ಇಲ್ಲಿ ಹಾಗಾಗುವುದಿಲ್ಲ. ನನ್ನ ಹಾಳೆಯಲ್ಲಿ ಅರ್ಧ ಕಾಲು, ಮೂರು ಕಿವಿ, ತಲೆಯಿಲ್ಲದ ಒಂದು ಮೈ ಎಲ್ಲ ಇವೆ. ಅಧ್ಯಯನದ ಹಾಳೆ ಅಂದರೆ ಹಾಗೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಅದನ್ನು ಚೊಕ್ಕ ಮಾಡಿ ಫ್ರೇಮ್ ಹಾಕಿದರೆ ನೋಡಿದ್ದೆಲ್ಲ ಹೋಗಿ ಬರೀ ಚಂದ ಉಳಿಯುತ್ತದೆ.

ಶುಕ್ರವಾರ

ದಿನವಿಡೀ ಬಸ್ಸು. ಬಂದ ದಾರಿಯಲ್ಲೇ ಇಳಿದು ಪೊಳ್ಳಾಚಿ ಸೇರಿದೆವು. ಸಂಜೆ ಲಾಡ್ಜಿನಲ್ಲಿ ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿ ಫ್ಯಾನ್ ಹಾಕಿದೆ. ರಾಜಮಲೆಯಲ್ಲಿ ಅಂಟು ಅಂಟಾಗಿಯೇ ಇದ್ದ ಬಣ್ಣ ಇಲ್ಲಿ ಗರಿಗರಿ ಒಣಗಿತು. ಒಣಗಿದ ಮೇಲೆ ಎಲ್ಲವೂ ಒಂದು ಮಟ್ಟ ತಿಳಿಯಾಯಿತು. ಜಲವರ್ಣದ ಸ್ವಭಾವವೇ ಅದು. ಹಾಗಾಗಿ ಒದ್ದೆ ಇರುವಾಗ ಸ್ವಲ್ಪ ಜಾಸ್ತಿಯೇ ಕಪ್ಪು ಅನ್ನಿಸಬೇಕು.

ಶನಿವಾರ

ಪೊಳ್ಳಾಚಿ ಹತ್ತಿರದ ಆಳಿಯಾರ್‌ನಿಂದ ವಾಲ್ಪಾರೈಗೆ ಹತ್ತುವ ಘಟ್ಟದಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿಗೂ ಸಂಖ್ಯೆಯ ಫಲಕ. ಒಂಬತ್ತನೆಯ ತಿರುವು ಲೋಮ್ಸ್ ವ್ಯೂ ಅನ್ನುವ ನೋಟದ ಜಾಗ. ಕೆಳಗೆ ಆಳಿಯಾರ್ ಅಣೆಕಟ್ಟಿನ ನೀರು, ಹಿಂದೆ ಬೋಳು ಬಂಡೆ. ತಾರ್‌ಗಳು ರಸ್ತೆ ಬದಿಗೇ ಬರುತ್ತವೆ ಅಂತ ಹೆಸರಾದ ಜಾಗ. ಬಸ್ಸಾದರೆ ನಮ್ಮ ಹೊತ್ತಿಗೆ ನಿಲ್ಲುವುದಿಲ್ಲ ಅಂತ ಟ್ಯಾಕ್ಸಿ ಮಾಡಿಕೊಂಡು ಹೋದೆವು.

ರಾಜಮಲೆಗೂ ಇಲ್ಲಿಗೂ ಸಂಬಂಧವೇ ಇಲ್ಲ. ಎತ್ತರ ಕಡಿಮೆ, ಬಿಸಿಲು ಚುರುಕು, ಬಂಡೆ ಕೆಂಪು ಬೆರೆತ ಬೂದು. ಎರಡು ಹೆಣ್ಣು, ಒಂದು ಎಳೆ ಗಂಡು ರಸ್ತೆಯ ತಡೆಗೋಡೆ ಮೇಲೆಯೇ ನಿಂತಿದ್ದವು. ಗೋಡೆಯ ಅಗಲ ಒಂದು ಮೊಳ ಇದ್ದಿರಬಹುದು, ಆಚೆಗೆ ಪ್ರಪಾತ. ನಾಲ್ಕೂ ಗೊರಸು ಒಂದೇ ಗೆರೆಯಲ್ಲಿ. ಇಲ್ಲಿ ರಬ್ಬರ್ ಚೀಲ ಬೇಕಾಗಲಿಲ್ಲ, ಕುಂಚದಲ್ಲೇ ಬಣ್ಣ ಒಣಗುತ್ತಿತ್ತು. ಅಂಚುಗಳೆಲ್ಲ ಕತ್ತರಿಸಿದಷ್ಟು ಚೂಪು ಬಂದವು. ಮಂಜಿಲ್ಲದ ತಾರ್ ಚಿತ್ರ ಸ್ವಲ್ಪ ಬರಿದು ಬರಿದು ಅನ್ನಿಸಿದ್ದು ನಿಜ. ಆದರೆ ಮೂಳೆ, ಸ್ನಾಯು ಎಲ್ಲಿದೆ ಅಂತ ತಿಳಿಯಲು ಈ ಬಿಸಿಲೇ ಒಳ್ಳೆಯದು. ಮೊದಲು ಇಲ್ಲಿಗೆ ಬಂದು ಆಮೇಲೆ ರಾಜಮಲೆಗೆ ಹೋಗುವುದು ಚಿತ್ರ ಬಿಡಿಸುವವರಿಗೆ ಸರಿಯಾದ ಕ್ರಮ ಅಂತ ಈಗ ಅನ್ನಿಸುತ್ತದೆ.

ಒಂದು ಕಾರು ನಿಂತಿತು. ಇಳಿದವರು ಚಿಪ್ಸ್ ಪ್ಯಾಕೆಟ್ ಬಿಚ್ಚಿ ಎಳೆ ಗಂಡಿನ ಕಡೆ ಚಾಚಿದರು. ಅದು ಗೋಡೆಯಿಂದ ಕೆಳಗಿಳಿದು ರಸ್ತೆ ನಡುವೆ ಬಂತು. ತಿರುವಿನ ಆಚೆಯಿಂದ ಲಾರಿಯ ಹಾರ್ನ್.

‘ಅಣ್ಣಾ, ತಿನ್ನಿಸಬೇಡಿ, ಲಾರಿ ಬರ್ತಿದೆ!’ ಅಂತ ಅಕ್ಕನ ಮಗ ಕನ್ನಡದಲ್ಲೇ ಕೂಗಿಕೊಂಡು ಕೈ ಬೀಸುತ್ತಾ ಓಡಿದ. ತಾರ್ ಗೋಡೆ ಹಾರಿ ಬಂಡೆ ಇಳಿಯಿತು. ಲಾರಿ ಹೋಯಿತು. ಕಾರಿನವರು ಏನೋ ಗೊಣಗಿ ಪ್ಯಾಕೆಟ್ ಅಲ್ಲೇ ಬಿಸಾಕಿ ಹೊರಟರು. ಸ್ವಲ್ಪ ಮುಂದೆಯೇ ‘ಪ್ರಾಣಿಗಳಿಗೆ ಆಹಾರ ಕೊಡಬೇಡಿ’ ಅನ್ನುವ ಫಲಕ ನೆಟ್ಟಗೆ ನಿಂತಿತ್ತು.

2025ರಲ್ಲಿ ಕೇರಳ, ತಮಿಳುನಾಡು ಎರಡೂ ಒಟ್ಟಿಗೆ ಎಣಿಸಿದಾಗ ಸಿಕ್ಕ ತಾರ್‌ಗಳು 2,600ಕ್ಕಿಂತ ಸ್ವಲ್ಪ ಜಾಸ್ತಿ. ಇಡೀ ಪ್ರಪಂಚದಲ್ಲಿ ಇರುವುದು ಅಷ್ಟೇ. ತಮಿಳುನಾಡು ಇವುಗಳಿಗೆ ಅಂತಲೇ ಯೋಜನೆ ಮಾಡಿದೆ, 1975ರಲ್ಲಿ ಇವುಗಳ ಬಗ್ಗೆ ಮೊದಲ ಅಧ್ಯಯನಗಳಲ್ಲೊಂದನ್ನು ಮಾಡಿದ ಇ.ಆರ್.ಸಿ. ಡೇವಿಡಾರ್ ಅವರ ಗೌರವಾರ್ಥ ಅಕ್ಟೋಬರ್ 7ನ್ನು ತಾರ್ ದಿನ ಅಂತ ಆಚರಿಸುತ್ತದೆ. ಒಂಬತ್ತನೇ ತಿರುವಿನಲ್ಲಿ ಒಬ್ಬ ಕಾವಲುಗಾರನನ್ನೂ ನಿಲ್ಲಿಸಿದರೆ ಒಳ್ಳೆಯದಿತ್ತು.

ಅಕ್ಕನ ಮಗ ಬಂದು ಪ್ಯಾಕೆಟ್ ಹೆಕ್ಕಿ ಬ್ಯಾಗಿಗೆ ಹಾಕಿಕೊಂಡ. ಆಮೇಲೆ ನನ್ನ ಹಾಳೆ ಇಣುಕಿ ನೋಡಿ, ‘ಚಿಕ್ಕಮ್ಮ, ಇದರ ಹಿಂಗಾಲು ಇಲ್ವಲ್ಲ’ ಅಂದ.

‘ನೀನು ಓಡಿಸಿದೆಯಲ್ಲ ಮಾರಾಯ.’

‘ಇನ್ನೊಂದು ಬರುತ್ತೆ ಇರಿ’ ಅಂದವನು ಗೋಡೆ ಪಕ್ಕ ಕೂತು, ಬ್ಯಾಗಿನಿಂದ ನನ್ನ ಬಾಲ್‌ಪೆನ್ ತೆಗೆದುಕೊಂಡ. ಟ್ಯಾಕ್ಸಿಯವರಿಗೆ ಇನ್ನರ್ಧ ಗಂಟೆ ಕಾಯಲು ಹೇಳಿದೆವು.